ಹದಿನೈದು ವರ್ಷ ಕಾಯಿರಿ, ಆಮೇಲೆ ಬಡವರಾಗಿ

ಪುಣೆಯ ಕನ್ನಡಿಗರಿಗೆ ಏನೂ ಕೊರತೆ ಇಲ್ಲ ಅನ್ನೋ ಮಾತನ್ನ ಈ ಊರಿಗೆ ಬಂದಾಗಿನಿಂದ, ಅಂದ್ರೆ ಮೂವತ್ತು ವರ್ಷಕ್ಕೆ ಹತ್ತಿರ ಬಂತು, ಪ್ರತಿ ನವೆಂಬರಿನಲ್ಲೂ ತಪ್ಪದೇ ಕೇಳ್ತಾ ಇದೀನಿ. ವೇದಿಕೆ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಗದಗ ಸೀಮೆಯಿಂದ ಬಂದ ಭೀಮಸೇನ ಜೋಶಿಯವರು ಪುಣೆಯಲ್ಲಿದ್ದುಕೊಂಡೇ ಭಾರತರತ್ನ ಆದ್ರು ಅಂತ ಒಬ್ಬರು ನೆನಪಿಸ್ತಾರೆ. ಹೋಟೆಲ್ ಉದ್ಯಮ ನಮ್ಮ ಕೈಯಲ್ಲಿದೆ ಅಂತ ಇನ್ನೊಬ್ಬರು. ಹಿಂಜವಡಿಯ ಐಟಿ ಕಂಪನಿಗಳಲ್ಲಿ ನಮ್ಮ ಹುಡುಗರು ಎಷ್ಟಿದಾರೆ ನೋಡಿ ಅಂತ ಮತ್ತೊಬ್ಬರು. ಕೊನೆಗೆ ಬಿಸಿಬೇಳೆಭಾತ್, ಮನೆಗೆ ನಡಿರಿ.

ಎಲ್ಲಾ ಸರಿ. ಆದ್ರೆ ಈ "ನಮ್ಮವರು" ಅನ್ನೋ ಪದದ ಒಳಗೆ ಯಾರ್ಯಾರು ಬರ್ತಾರೆ ಸ್ವಾಮಿ? ನಾನು ಕೇಳ್ತಿರೋದು ಇಷ್ಟೇ.

ಬೆಳಿಗ್ಗೆ ಏಳೂವರೆಗೆ ವಾರಜೆಗೆ ಹೋಗಿ, ಇಲ್ಲಾ ಡಾಂಗೆ ಚೌಕಕ್ಕೆ ಹೋಗಿ. ಮಜೂರ್ ಅಡ್ಡಾ ಅಂತ ಯಾರನ್ನ ಕೇಳಿದ್ರೂ ತೋರಿಸ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ರೊಟ್ಟಿ ಬುತ್ತಿ, ಕೈಯಲ್ಲಿ ಥಾಪಿ, ತಲೆಗೆ ಟವಲ್ ಸುತ್ತಿಕೊಂಡು ನಿಂತವರ ಪಕ್ಕದಲ್ಲಿ ಎರಡು ನಿಮಿಷ ಸುಮ್ಮನೆ ನಿಂತು ಕೇಳಿ. ಯಾದಗಿರಿ ಕನ್ನಡ, ಕಲಬುರಗಿ ಕನ್ನಡ, ಸಿಂದಗಿ-ಇಂಡಿ ಕಡೆ ಕನ್ನಡ ಕಿವಿಗೆ ಬೀಳತ್ತೆ. ತಾಂಡಾಗಳಿಂದ ಬಂದ ಲಂಬಾಣಿ ಮಂದಿ ಬೇರೆ. ಉದ್ಯಾನ್ ಎಕ್ಸ್‌ಪ್ರೆಸ್ಸು ರಾಯಚೂರು, ಯಾದಗಿರಿ, ವಾಡಿ, ಕಲಬುರಗಿ, ಸೊಲ್ಲಾಪುರ ದಾಟಿ ಪುಣೆಗೆ ಬರತ್ತಲ್ಲ, ಅದರ ಜನರಲ್ ಡಬ್ಬಿಯಲ್ಲಿ ಕೂತು ಬಂದವರು ಇವರು. ನೀವು ಬಾಣೇರಿನಲ್ಲೋ ವಾಕಡಿನಲ್ಲೋ ಟೂ ಬಿಎಚ್‌ಕೆ ತಗೊಂಡಿದ್ರೆ, ಅದರ ಸ್ಲ್ಯಾಬಿಗೆ ಕಾಂಕ್ರೀಟು ಹೊತ್ತವರಲ್ಲಿ ಇವರೂ ಇರಬಹುದು. ಇವರಿಗೆ ಸಂಘದ ಸದಸ್ಯತ್ವ ಇಲ್ಲ, ಶಾಲೂ ಇಲ್ಲ. ಅದು ಇಲ್ಲದಿದ್ರೂ ನಡೀತದೆ. ಆದ್ರೆ ಇವರಲ್ಲಿ ಒಬ್ಬರು ಬಿದ್ದರೆ, ಮುದಿಯಾದ್ರೆ, ಗಂಡ ಸತ್ತರೆ, ಕೈಕಾಲು ಹೋದ್ರೆ, ಆಗ ಏನು? ಅದಕ್ಕೆ ಅಂತಾನೇ ಸರ್ಕಾರದ ಯೋಜನೆ ಇವೆಯಲ್ಲ ಅಂತೀರಿ. ಇವೆ. ಬನ್ನಿ, ಆ ಯೋಜನೆಗಳು ಹೇಗೆ ನಡೀತವೆ ಅಂತ ಸ್ವಲ್ಪ ನೋಡೋಣ.

ಮಹಾರಾಷ್ಟ್ರದಲ್ಲಿ ನಿರ್ಗತಿಕರಿಗೆ ಅಂತ ಇರೋದು ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ. 1980ರಲ್ಲಿ ಶುರುವಾದದ್ದು. ವಿಧವೆಯರು, ಅಂಗವಿಕಲರು, ದೊಡ್ಡ ರೋಗದವರು, ಗಂಡ ಬಿಟ್ಟವರು, ಅನಾಥ ಮಕ್ಕಳು, ಹೀಗೆ 65 ವರ್ಷದೊಳಗಿನ ಆಸರೆ ಇಲ್ಲದವರಿಗೆ. 65 ದಾಟಿದ್ರೆ ಶ್ರಾವಣಬಾಳ ಯೋಜನೆ. ತಿಂಗಳಿಗೆ 600 ಇದ್ದದ್ದು 2019ರಲ್ಲಿ 1,000 ಆಯ್ತು, 2023ರಲ್ಲಿ 1,500 ಆಯ್ತು. ಅಂಗವಿಕಲರಿಗೆ 2025ರಲ್ಲಿ 2,500 ಮಾಡಿದ್ರು. ಅರ್ಜಿ ಹಾಕೋದು ತಹಶೀಲ್ ಕಚೇರಿಯಲ್ಲಿ. ಅದನ್ನ ಮಂಜೂರು ಮಾಡೋದಕ್ಕೆ ಒಂದು ಸಮಿತಿ. ಅದರ ಅಧ್ಯಕ್ಷರು ಅಧಿಕಾರಿ ಅಲ್ಲ, ಜಿಲ್ಲೆಯ ಪಾಲಕಮಂತ್ರಿಗಳು ನೇಮಿಸಿದ ಮನುಷ್ಯ. ತಹಶೀಲ್ದಾರರು ಅದರ ಕಾರ್ಯದರ್ಶಿ. ಯಾರ ಅರ್ಜಿ ಬೇಗ ಮುಂದೆ ಹೋಗತ್ತೆ, ಯಾರದ್ದು ಅಡಿಗೆ ಬೀಳತ್ತೆ ಅಂತ ನಾನು ಬಿಡಿಸಿ ಹೇಳೋದು ಬೇಡ ಅಲ್ವಾ. ವೋಟು ಇದ್ದವರ ಮನೆಗೆ ಕಾರ್ಯಕರ್ತ ತಾನಾಗೇ ಬಂದು ಫಾರಂ ತುಂಬಿಸಿಕೊಂಡು ಹೋಗ್ತಾನೆ. ನಮ್ಮ ಯಾದಗಿರಿ ಅವ್ವನ ವೋಟು ಶಹಾಪುರದಲ್ಲಿದೆ. ಅವಳ ಪತ್ರಾ ಶೆಡ್ಡಿಗೆ ಯಾವ ಕಾರ್ಯಕರ್ತ ಬರ್ತಾನೆ?

ಈಗ ಅರ್ಹತೆ ನೋಡಿ. ಒಂದನೇದು, ಬಡತನ ರೇಖೆ ಪಟ್ಟಿಯಲ್ಲಿ ಹೆಸರಿರಬೇಕು, ಇಲ್ಲಾಂದ್ರೆ ಕುಟುಂಬದ ವಾರ್ಷಿಕ ಆದಾಯ 21,000 ರೂಪಾಯಿಯ ಒಳಗಿರಬೇಕು. ವರ್ಷಕ್ಕೆ ಸ್ವಾಮಿ, ತಿಂಗಳಿಗಲ್ಲ! ದಿನಕ್ಕೆ ಲೆಕ್ಕ ಹಾಕಿದ್ರೆ 57 ರೂಪಾಯಿ ಚಿಲ್ಲರೆ. ಪುಣೆಯಲ್ಲಿ ಎರಡು ವಡಾಪಾವು, ಒಂದು ಕಟಿಂಗ್ ಚಹಾಕ್ಕೆ ಮುಗೀತು. ಅಷ್ಟರಲ್ಲಿ ಇಡೀ ಕುಟುಂಬ ಬದುಕ್ತಿದೆ ಅಂತ ಕಾಗದದ ಮೇಲೆ ತೋರಿಸಿದ್ರೆ ಮಾತ್ರ ನೀವು ನಿರ್ಗತಿಕರು. ಅದೇ ಸರ್ಕಾರ 2024ರಲ್ಲಿ ಲಾಡ್ಕೀ ಬಹೀಣ ಅಂತ ತಂದಿತಲ್ಲ, ಅದರಲ್ಲೂ ಅದೇ 1,500, ಆದಾಯ ಮಿತಿ ಮಾತ್ರ ಎರಡೂವರೆ ಲಕ್ಷ. ತಂಗಿಗೆ ಎರಡೂವರೆ ಲಕ್ಷ, ವಿಧವೆಗೆ 21 ಸಾವಿರ. ಒಂದು ಚುನಾವಣೆಯ ವರ್ಷ ಬಂದದ್ದು, ಇನ್ನೊಂದು ಬರೀ ಬಡವರಿಗೆ ಅಂತ ಇದ್ದದ್ದು. ಇದಕ್ಕಿಂತ ಬೇರೆ ಕಾರಣ ನನಗಂತೂ ತೋಚಿಲ್ಲ.

ಎರಡನೇದು, ನಮಗೆ ಸಂಬಂಧಪಟ್ಟದ್ದು. ಅರ್ಜಿದಾರರು ಮಹಾರಾಷ್ಟ್ರದಲ್ಲಿ ಕನಿಷ್ಠ 15 ವರ್ಷದಿಂದ ವಾಸವಾಗಿರಬೇಕು. ವಾಸವಾಗಿದ್ರೆ ಸಾಲದು, ಇದ್ದೆವು ಅನ್ನೋದಕ್ಕೆ ಕಾಗದ ಬೇಕು. ರಹಿವಾಸಿ ದಾಖಲಾ ಬೇಕು, ಅದಕ್ಕೆ ಹಳೇ ಕರೆಂಟ್ ಬಿಲ್ಲು, ಹಳೇ ರೇಶನ್ ಕಾರ್ಡು, ಮನೆ ಪಟ್ಟಿ, ಮಕ್ಕಳ ಶಾಲೆ ದಾಖಲೆ. ನೀವು ನಾವು ಫ್ಲ್ಯಾಟಿನವರು, ಒಂದು ಫೈಲಿನಲ್ಲಿ ಎಲ್ಲ ಇಟ್ಟಿರ್ತೀವಿ. ಕಟ್ಟಡದ ಕೆಲಸದವರು ಸೈಟಿನಿಂದ ಸೈಟಿಗೆ ಹೋಗೋರು. ಈ ವರ್ಷ ಉಂಡ್ರಿ, ಮುಂದಿನ ವರ್ಷ ಮೋಶಿ, ಅದರಾಚೆ ವರ್ಷ ಚಾಕಣ. ಸೈಟು ಮುಗಿದ ಮೇಲೆ ಅವರು ಇದ್ದ ಶೆಡ್ಡೇ ಇರೋಲ್ಲ, ಅಲ್ಲಿ ಕ್ಲಬ್ ಹೌಸೋ ಈಜುಕೊಳವೋ ಬಂದಿರತ್ತೆ. ಈಜುಕೊಳದ ವಿಳಾಸಕ್ಕೆ ಯಾವ ತಲಾಠಿ ದಾಖಲಾ ಕೊಡ್ತಾನೆ? ಝೋಪಡಪಟ್ಟಿಯಲ್ಲಿ ಬಾಡಿಗೆಗಿದ್ದವರಿಗೆ ಮನೆ ಮಾಲೀಕ ಅಗ್ರೀಮೆಂಟ್ ಮಾಡಿಕೊಡೋಲ್ಲ. ಮಾಡಿಕೊಟ್ರೆ ಎಲ್ಲಿ ಹಕ್ಕು ಕೇಳ್ತಾರೋ ಅಂತ ಅವನ ಹೆದರಿಕೆ ಅವನಿಗೆ.

ಇಂಥದೊಂದು ಅರ್ಜಿಯ ಹಿಂದೆ ನಾನು ಮೂರು ತಿಂಗಳು ಓಡಾಡಿದೀನಿ. ಕಚೇರಿ ಯಾವುದು ಅಂತ ಹೇಳೋದು ಬೇಡ, ಎಲ್ಲ ಕಡೆ ಕಥೆ ಹೆಚ್ಚುಕಮ್ಮಿ ಒಂದೇ. ನಮ್ಮ ಸೊಸೈಟಿಯ ಪಕ್ಕದ ಸೈಟಿನಲ್ಲಿ ಇಟ್ಟಿಗೆ ಹೊರ್ತಿದ್ದ ಹೆಂಗಸು, ಐವತ್ತರ ಹತ್ತಿರ ವಯಸ್ಸು, ಶಹಾಪುರ ತಾಲ್ಲೂಕಿನವಳು. ಗಂಡ ಪರಾಂಚಿಯಿಂದ ಬಿದ್ದು ಸತ್ತ. ಗುತ್ತೇದಾರ ಹೆಣ ಊರಿಗೆ ಸಾಗಿಸೋ ಗಾಡಿ ಬಾಡಿಗೆ ಕೊಟ್ಟ, ಮೇಲೆ ಒಂದಿಷ್ಟು ನೋಟು ಕೈಗಿಟ್ಟು ಬೆರಳೊತ್ತಿಸಿಕೊಂಡ. ಆಕೆ ಹನ್ನೊಂದು ವರ್ಷದಿಂದ ಪುಣೆಯಲ್ಲಿದ್ದವಳು. ಸೇತು ಕೇಂದ್ರ, ಸ್ಟ್ಯಾಂಪ್ ಪೇಪರ್ ಪ್ರತಿಜ್ಞಾಪತ್ರ, ಉತ್ಪನ್ನದ ದಾಖಲಾ, ಜಿರಾಕ್ಸು, ಫೋಟೋ, ಒಂದೊಂದಕ್ಕೂ ಒಂದೊಂದು ದಿನ. ಒಂದು ದಿನ ಅಂದ್ರೆ ಆಕೆಗೆ ಒಂದು ದಿನದ ಕೂಲಿ ಖೋತಾ. ನಾಲ್ಕನೇ ಸಲ ಹೋದಾಗ ಕಿಟಕಿಯ ಒಳಗಿದ್ದವರು ಆಧಾರ್ ತಿರುಗಿಸಿ ನೋಡಿ, "ಹ್ಯಾ ಕರ್ನಾಟಕಾಚ್ಯಾ ಆಹೇತ ನಾ, ತಿಕಡೇ ಅರ್ಜ ಕರಾ" ಅಂದ್ರು. ಕರ್ನಾಟಕದವರಲ್ವಾ, ಅಲ್ಲೇ ಅರ್ಜಿ ಹಾಕಿ ಅಂತ. ಒರಟಾಗೇನೂ ಹೇಳಲಿಲ್ಲ, ನಿಯಮ ಹೇಳಿದ್ರು ಅಷ್ಟೇ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಆಕೆ ನನ್ನ ಕೇಳಿದ್ದು ಇದು:

"ಊರಾಗ ಕೇಳಿದ್ರ ನೀ ಪೂನಾದಾಗ ಇರ್ತಿ ಅಂತಾರ. ಇಲ್ಲಿ ಕೇಳಿದ್ರ ನೀ ಕರ್ನಾಟಕದಾಕಿ ಅಂತಾರ. ಮತ್ತ ನಾ ಎಲ್ಲಿ ಬಡವಿ ಆಗ್ಬೇಕ್ರೀ ಅಣ್ಣಾರ?"

ನಾನು ಬಿ.ಕಾಂ. ಮಾಡಿದೀನಿ, ಆಫೀಸಿನಲ್ಲಿ ಫೈಲುಗಳ ಮಧ್ಯೆನೇ ಆಯುಷ್ಯ ಕಳೆದೀನಿ. ಉತ್ತರ ಹೊಳೀಲಿಲ್ಲ.

ಊರಿನ ಕಡೆಯದ್ದೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ಬರೀ ಮಹಾರಾಷ್ಟ್ರವನ್ನ ಬೈದ ಹಾಗಾಗತ್ತೆ. ಕರ್ನಾಟಕದಲ್ಲಿ ವಿಧವಾ ವೇತನ ತಿಂಗಳಿಗೆ 800. 65 ದಾಟಿದವರಿಗೆ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾದಲ್ಲಿ 1,200. 2023ರಿಂದ ಮನೆಯೊಡತಿಗೆ ಗೃಹಲಕ್ಷ್ಮಿಯ 2,000. ಎಲ್ಲದಕ್ಕೂ ಆ ರಾಜ್ಯದ ವಾಸ ಬೇಕು, ಅಲ್ಲಿಯ ರೇಶನ್ ಕಾರ್ಡು ಬೇಕು, ತಲಾಟಿ ಬಂದು ನೋಡಿದಾಗ ಮನೆಯಲ್ಲಿರಬೇಕು. (ನಮ್ಮ ಕಡೆಯೂ ತಲಾಟಿನೇ ಅಂತೀವಿ. ಈ ಒಂದು ಪದದ ಮೇಲೆ ಗಡಿ ವಿವಾದ ಇಲ್ಲ, ಪುಣ್ಯ.) ಆಕೆ ಊರಿಗೆ ಹೋದ್ಲು, ನಾಲ್ಕು ದಿನ ಇದ್ದಳು. "ಇಲ್ಲೇ ಇದ್ರ ಕೊಡ್ತೀವಿ" ಅಂದ್ರಂತೆ. ಇಲ್ಲೇ ಇದ್ದು 800 ರೂಪಾಯಿಯಲ್ಲಿ ಏನು ತಿನ್ನೋದು ಅಂತ ಯಾರೂ ಹೇಳಲಿಲ್ಲ. ಮಳೆ ಆದ್ರೆ ನಾಲ್ಕು ತಿಂಗಳ ಕೂಲಿ, ಆಗದಿದ್ರೆ ಅದೂ ಇಲ್ಲ. ಅಲ್ಲಿ ಬದುಕು ನಡೆಯೋ ಹಾಗಿದ್ದಿದ್ರೆ ಹಳ್ಳಿ ಬಿಟ್ಟು ಸಿಮೆಂಟು ತಿನ್ನೋಕೆ ಯಾಕೆ ಬರ್ತಿದ್ರು?

ಕೇಂದ್ರ ಸರ್ಕಾರ ಇದೆಯಲ್ಲ, ಅದು ಎಲ್ಲರದ್ದಲ್ವಾ ಅಂತ ಕೇಳ್ತೀರಿ. ಇದೆ. 1995ರ ಆಗಸ್ಟ್ 15ರಂದು ಶುರುವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ. ಅದರಲ್ಲಿ 60ರಿಂದ 79ರವರೆಗಿನ ವೃದ್ಧರಿಗೆ ಕೇಂದ್ರದ ಪಾಲು 200 ರೂಪಾಯಿ, ವಿಧವೆಗೆ 300. ಈ 200 ಹತ್ತಿರ ಹತ್ತಿರ ಎರಡು ದಶಕದಿಂದ ಅಲ್ಲಾಡಿಲ್ಲ. ಆ ಹೊತ್ತಿನಲ್ಲಿ ನನ್ನ ಸಂಬಳ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ನಾನು ನೋಡ್ಕೋತೀನಿ, ನಿಮ್ಮದನ್ನ ನೀವು ನೋಡ್ಕೊಳ್ಳಿ.

ರೇಶನ್ನಿನ ಗಂಟು ಇನ್ನೂ ಮಜಾ ಇದೆ. ಒಂದು ದೇಶ ಒಂದು ರೇಶನ್ ಕಾರ್ಡು ಅಂತ ಬಂತಲ್ಲ, 2019ರ ಆಗಸ್ಟಿನಲ್ಲಿ ನಾಲ್ಕು ರಾಜ್ಯದಲ್ಲಿ ಶುರುವಾಗಿ 2020ರ ಜನವರಿಗೆ ಕರ್ನಾಟಕ ಮಹಾರಾಷ್ಟ್ರ ಎರಡೂ ಅದರಲ್ಲಿ ಸೇರಿದವು. ಎಲ್ಲ ರಾಜ್ಯಗಳೂ 2021ರ ಜುಲೈ 31ರೊಳಗೆ ಇದನ್ನ ಮಾಡಿ ಮುಗಿಸಬೇಕು ಅಂತ ಸುಪ್ರೀಂ ಕೋರ್ಟು 2021ರ ಜೂನ್ 29ರಂದು ತೀರ್ಪು ಕೊಟ್ಟಿತು. ಇದು ಒಳ್ಳೇದೇ, ನಾನು ಇಲ್ಲ ಅನ್ನೋಲ್ಲ. ಕಲಬುರಗಿ ಕಾರ್ಡಿನ ಮೇಲೆ ಪುಣೆಯ ಅಂಗಡಿಯಲ್ಲಿ ಬೆರಳಿಟ್ಟು ಧಾನ್ಯ ತಗೊಂಡವರನ್ನ ನಾನೇ ನೋಡಿದೀನಿ. ಆದ್ರೆ ಸಿಗೋದು ಕೇಂದ್ರದ ಪಾಲು ಮಾತ್ರ, ತಲೆಗೆ ಐದು ಕಿಲೋ. ಅನ್ನಭಾಗ್ಯದಲ್ಲಿ ಕರ್ನಾಟಕ ತನ್ನ ಕೈಯಿಂದ ಸೇರಿಸೋದು ಸೊಲ್ಲಾಪುರದ ಈಚೆಗೆ ಬರೋಲ್ಲ. ಮೇಲೆ ಅಂಗಡಿಯವನ ಮರ್ಜಿ ಬೇರೆ. "ಮಶೀನ್ ಬಂದ್ ಆಹೇ" ಅಂದ್ರೆ ಮುಗೀತು. ಮಶೀನು ಬಂದಿದೆಯೋ ಮನಸ್ಸು ಬಂದಿದೆಯೋ, ಕೂಲಿ ಬಿಟ್ಟು ಬಂದವಳಿಗೆ ಹೇಗೆ ಗೊತ್ತಾಗಬೇಕು. ಆರು ತಿಂಗಳು ರೇಶನ್ ಎತ್ತದಿದ್ರೆ ಕಾರ್ಡು ತಾತ್ಕಾಲಿಕವಾಗಿ ಬಂದ್ ಅಂತ ಕೇಂದ್ರ 2025ರಲ್ಲಿ ನಿಯಮ ತಂದಿದೆ. ಊರಿನಲ್ಲಿ ಎತ್ತೋಕೆ ಆಗಲಿಲ್ಲ, ಇಲ್ಲಿ ಮಶೀನು ಬಂದ್, ಅಲ್ಲಿ ಕಾರ್ಡೂ ಬಂದ್!

ಹಾಗಾದ್ರೆ ಇಲ್ಲಿಯ ಕಾರ್ಡೇ ಮಾಡಿಸಿಬಿಡೋಣ ಅಂತೀರಾ? ಮೊದಲು ಕರ್ನಾಟಕದ ಕಾರ್ಡಿನಿಂದ ಹೆಸರು ತೆಗೆಸಿದ ದಾಖಲೆ ತರಬೇಕು. ತೆಗೆಸಿದ ಕ್ಷಣ ಅಲ್ಲಿಯ ಅನ್ನಭಾಗ್ಯ, ಗೃಹಲಕ್ಷ್ಮಿ ಎರಡೂ ಹೋದವು. ಇಲ್ಲಿ ಬಂದು ಅರ್ಜಿ ಹಾಕಿದ್ರೆ "ಇಷ್ಟಾಂಕ ಸಂಪಲಾ", ಅಂದ್ರೆ ಆಹಾರ ಭದ್ರತೆ ಕಾಯ್ದೆಯಲ್ಲಿ ಈ ರಾಜ್ಯಕ್ಕೆ ಇಷ್ಟೇ ಜನ ಅಂತ ಇರೋ ಸಂಖ್ಯೆ ತುಂಬಿದೆ, ಜಾಗ ಖಾಲಿಯಾದಾಗ ನೋಡೋಣ. ಆ ಸಂಖ್ಯೆ ಲೆಕ್ಕ ಹಾಕಿದ್ದು 2011ರ ಜನಗಣತಿಯ ಮೇಲೆ. ಅಂದ್ರೆ ಹಗ್ಗದ ಒಂದು ತುದಿ ಬಿಟ್ಟಾಯ್ತು, ಇನ್ನೊಂದು ತುದಿ ಕೈಗೆ ಸಿಕ್ಕಿಲ್ಲ. ಇದನ್ನ ತಿಳಿದವರು ಯಾರೂ ಊರಿನ ಕಾರ್ಡು ಬಿಡೋಲ್ಲ. ಬಿಡದಿದ್ರೆ ಇಲ್ಲಿಯ ದಾಖಲೆ ಹುಟ್ಟೋದೇ ಇಲ್ಲ. ದಾಖಲೆ ಹುಟ್ಟದಿದ್ರೆ 15 ವರ್ಷ ಎಣಿಸೋದು ಎಲ್ಲಿಂದ?

ಲಂಬಾಣಿಗಳದ್ದು ಇನ್ನೊಂದು ವಿಚಿತ್ರ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಸೊಲ್ಲಾಪುರ ದಾಟಿದ್ರೆ ಬಂಜಾರರು ವಿಮುಕ್ತ ಜಾತಿ. ಇಲ್ಲಿ ಆ ಸರ್ಟಿಫಿಕೇಟು ಬೇಕಂದ್ರೆ 1961ರ ನವೆಂಬರ್ 21ಕ್ಕೂ ಮೊದಲೇ ಹಿರಿಯರು ಮಹಾರಾಷ್ಟ್ರದಲ್ಲಿದ್ದ ದಾಖಲೆ ಕೇಳ್ತಾರೆ. ಅಜ್ಜ ಆಗ ತಾಂಡಾದಲ್ಲಿ ಕುರಿ ಕಾಯ್ತಿದ್ದ ಮಾರಾಯ್ರೆ, ಕಾಗದ ಎಲ್ಲಿಂದ ತರೋದು. ಪುಣೆಯಲ್ಲೇ ಹುಟ್ಟಿ, ಪುಣೆಯ ಮಹಾನಗರಪಾಲಿಕೆ ಶಾಲೆಯಲ್ಲಿ ಮರಾಠಿಯಲ್ಲೇ ಓದಿದ ಮಗುವಿಗೆ ಸ್ಕಾಲರ್‌ಶಿಪ್ಪಿನ ಹೊತ್ತಿಗೆ ಜಾತಿಯೇ ಇರೋಲ್ಲ. ಬೇರೆ ಎಲ್ಲ ಹೊತ್ತಿನಲ್ಲೂ ಇರತ್ತೆ.

ಕಟ್ಟಡ ಕಾರ್ಮಿಕರ ಮಂಡಳಿಯ ಮಾತು ಎತ್ತದಿದ್ರೆ ಅನ್ಯಾಯ ಆಗತ್ತೆ. ಯಾಕಂದ್ರೆ ಇದೊಂದು ಮಾತ್ರ 15 ವರ್ಷ ಕೇಳೋಲ್ಲ. 1996ರ ಕಾಯ್ದೆಯಿಂದ ಶುರುವಾದದ್ದು. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ವಸೂಲು ಮಾಡಿ, ಆ ದುಡ್ಡಿನಲ್ಲಿ ಕಾರ್ಮಿಕರಿಗೆ ಸಹಾಯ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ರೆ ಸಾಕು, ಯಾವ ಊರಿನವರಾದ್ರೂ ನೋಂದಣಿ ಮಾಡಿಸಬಹುದು. ಮಹಾರಾಷ್ಟ್ರದ ಮಂಡಳಿಯಲ್ಲಿ ಕೆಲಸದ ಮೇಲೆ ಸತ್ತರೆ ಕುಟುಂಬಕ್ಕೆ 5 ಲಕ್ಷ, ಮಕ್ಕಳ ಓದಿಗೆ, ಹೆರಿಗೆಗೆ, ಹೀಗೆ ಪಟ್ಟಿ ದೊಡ್ಡದಿದೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೇ ವ್ಯವಸ್ಥೆ ಇಲ್ಲ. ಆದ್ರೆ 90 ದಿನ ಕೆಲಸ ಮಾಡಿದ ಸರ್ಟಿಫಿಕೇಟು ಯಾರು ಕೊಡಬೇಕು? ಗುತ್ತೇದಾರ. ಕೊಟ್ರೆ ಅವನ ಸೈಟಿನಲ್ಲಿ ಎಷ್ಟು ಜನ ಇದಾರೆ ಅಂತ ಲೆಕ್ಕ ಸಿಕ್ಕಿಬೀಳತ್ತೆ. ಹಂಗಾಗಿ ಕೊಡೋಲ್ಲ. ಅಡ್ಡಾದಲ್ಲಿ ನಿಂತು ದಿನಕ್ಕೊಬ್ಬ ಮಾಲೀಕನ ಹತ್ತಿರ ದುಡಿಯೋರಿಗಂತೂ ತೊಂಬತ್ತು ದಿನಕ್ಕೆ ತೊಂಬತ್ತು ಜನರ ಸಹಿ ಬೇಕು. ಸುದ್ದಿ ಗೊತ್ತಾದ ಏಜೆಂಟರು ಮಾತ್ರ ಚುರುಕಾಗಿದಾರೆ. ಒಂದು ದಿನವೂ ಸಿಮೆಂಟು ಮುಟ್ಟದವರ ಹೆಸರಲ್ಲಿ ಕಾರ್ಡು ಮಾಡಿಸೋದು ಒಂದು ದಂಧೆಯೇ ಆಗಿದೆ ಅಂತ ಅಡ್ಡಾದಲ್ಲಿ ಎಲ್ಲರೂ ಹೇಳ್ತಾರೆ.

ದುಡ್ಡು ಇಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. 2018ರ ಮಾರ್ಚ್ 19ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಲೆಕ್ಕ ಕೊಟ್ಟಿದೆ. ದೇಶದಲ್ಲಿ ಈ ಸೆಸ್ ಅಂತ ಕೂಡಿದ್ದು 37,400 ಕೋಟಿಗೂ ಹೆಚ್ಚು, ಕಾರ್ಮಿಕರಿಗೆ ಅಂತ ಖರ್ಚಾದದ್ದು ಸುಮಾರು 9,500 ಕೋಟಿ. ಉಳಿದದ್ದು ಎಲ್ಲಿ ಅಂತ ಕೇಳಿದ್ರೆ ಬ್ಯಾಂಕಿನಲ್ಲಿ. ಖರ್ಚು ಮಾಡಿದ್ದರಲ್ಲೂ ಲ್ಯಾಪ್‌ಟಾಪು, ವಾಷಿಂಗ್ ಮಶೀನು ಅಂತ ಸೇರಿದ್ದು ನೋಡಿ ನ್ಯಾಯಾಧೀಶರೇ ಬೆರಗಾಗಿದ್ರು. ಪತ್ರಾ ಶೆಡ್ಡಿನಲ್ಲಿ ನಲ್ಲಿ ನೀರಿಲ್ಲ, ವಾಷಿಂಗ್ ಮಶೀನಂತೆ :-)

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅಂತ ಒಂದಿತ್ತು. ಬೇರೆ ರಾಜ್ಯದಿಂದ ಕರೆತಂದ ಪ್ರತಿಯೊಬ್ಬ ಕಾರ್ಮಿಕನಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ಕು, ಅವನಿಗೆ ಗೊತ್ತಿರೋ ಭಾಷೆಯಲ್ಲಿ, ಗುತ್ತೇದಾರ ಕೊಡಬೇಕಿತ್ತು. ಇಷ್ಟು ವರ್ಷದಲ್ಲಿ ಕನ್ನಡದಲ್ಲಿ ಬರೆದ ಅಂಥ ಒಂದೇ ಒಂದು ಪಾಸ್‌ಬುಕ್ಕನ್ನ ನಾನು ಯಾರ ಕೈಯಲ್ಲೂ ನೋಡಲಿಲ್ಲ. ಆ ಕಾಯ್ದೆಯೂ ಈಗಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಅದನ್ನ ನುಂಗಿದವು. ಮೊದಲು ಐದು ಜನ ವಲಸೆ ಕಾರ್ಮಿಕರಿದ್ರೆ ಕಾಯ್ದೆ ಅನ್ವಯ ಆಗ್ತಿತ್ತು, ಈಗ ಹತ್ತು ಜನ ಇರಬೇಕು. ಒಂಬತ್ತು ಜನರ ತಂಡ ಕಟ್ಟೋದು ಗುತ್ತೇದಾರನಿಗೆ ಹೇಳಿಕೊಡಬೇಕಾ?

ಈಗ ನನಗೆ ನಿಜವಾಗಿ ಸಿಟ್ಟು ಬರೋ ವಿಷಯಕ್ಕೆ ಬರ್ತೀನಿ.

2023ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಆದೇಶ ಹೊರಡಿಸಿತು. ಬೆಳಗಾವಿ, ಕಾರವಾರ, ಬೀದರ್, ಕಲಬುರಗಿ ಕಡೆ ತಾನು ನಮ್ಮದು ಅಂತ ಕೇಳೋ 865 ಹಳ್ಳಿ-ಊರುಗಳ ಜನರಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯ ಸೌಲಭ್ಯ, ಅದಕ್ಕೆ 54 ಕೋಟಿ. ಕರ್ನಾಟಕದ ನೆಲದಲ್ಲಿ, ಕರ್ನಾಟಕದ ಆಧಾರ್ ಇಟ್ಟುಕೊಂಡು, ಮಹಾರಾಷ್ಟ್ರದಲ್ಲಿ ಒಂದು ದಿನವೂ ವಾಸ ಮಾಡದವರಿಗೆ! ಅದಕ್ಕೆ ಮುಂಚೆ, 2022ರ ನವೆಂಬರಿನಲ್ಲಿ, ನಮ್ಮ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಜತ್ತ ತಾಲ್ಲೂಕಿನ 40 ಹಳ್ಳಿಗಳ ಮಾತೆತ್ತಿದ್ರು, ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಅನುದಾನ ಅಂದ್ರು. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೀತಿದೆ, ಬಸ್ಸಿಗೆ ಮಸಿ ಬಳಿಯೋದು, ಕಲ್ಲು ಒಗೆಯೋದು ಆಗಾಗ ನಡೀತದೆ.

ಅಂದ್ರೆ ಮನಸ್ಸು ಮಾಡಿದ್ರೆ ಗಡಿ ದಾಟಿ ಸಹಾಯ ಮಾಡಬಹುದು, ಅದಕ್ಕೆ ಕಾನೂನು ಅಡ್ಡ ಬರೋಲ್ಲ, ಡೊಮಿಸೈಲ್ ಅಡ್ಡ ಬರೋಲ್ಲ, ದುಡ್ಡೂ ಹುಟ್ಟತ್ತೆ. ಬೆಳಗಾವಿಯ ಮರಾಠಿ ಅಜ್ಜಿಗೆ ಮುಂಬಯಿಯಿಂದ ಸಹಾಯ ಬರಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದ್ರೆ ಪುಣೆಯ ಮೆಟ್ರೋ ಕಂಬದ ಕೆಳಗೆ ಮಲಗೋ ಯಾದಗಿರಿ ಅಜ್ಜಿಗೆ ಬೆಂಗಳೂರಿನಿಂದ ಏನು ಬರತ್ತೆ? ಮುಂಬಯಿಯಿಂದ ಏನು ಬರತ್ತೆ? ಆಕೆ ನಕಾಶೆಯಲ್ಲಿಲ್ಲ, ಅದೇ ಆಕೆಯ ತಪ್ಪು. ಹಳ್ಳಿ ಬೇಕು, ಮಂದಿ ಬೇಡ. ಎರಡೂ ಸರ್ಕಾರಗಳು ಜಗಳ ಆಡೋದು ನೆಲಕ್ಕೆ, ಆ ನೆಲದಿಂದ ಎದ್ದು ಹೊರಟವರನ್ನ ಎರಡೂ ಕಡೆಯವರು ಲೆಕ್ಕದಿಂದ ಬಿಡ್ತಾರೆ.

ಕರ್ನಾಟಕ ಹೊರನಾಡಿನವರಿಗೆ ಏನೂ ಮಾಡ್ತಿಲ್ಲ ಅಂತಲ್ಲ. ಸಂಘಗಳ ಕಟ್ಟಡಕ್ಕೆ, ಉತ್ಸವಕ್ಕೆ, ಕನ್ನಡ ಸಂಸ್ಕೃತಿ ಇಲಾಖೆಯಿಂದ ದುಡ್ಡು ಬರತ್ತೆ. ಡೊಳ್ಳು ಕುಣಿತದ ತಂಡ ಬಸ್ಸಿನಲ್ಲಿ ಬಂದು ಹೋಗತ್ತೆ. ಬರಲಿ. ಆದ್ರೆ 2020ರ ಮೇ ತಿಂಗಳು ನೆನಪಿದೆಯಾ? ಲಾಕ್‌ಡೌನಿನಲ್ಲಿ ಕೂಲಿ ನಿಂತು, ರೇಶನ್ ಮುಗಿದು, ನಮ್ಮ ಮಂದಿ ಊರಿಗೆ ಹೊರಟಾಗ, ಮೇ 18ರಂದು ಕರ್ನಾಟಕ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರೋರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ಇಲ್ಲ ಅಂತ ಬಾಗಿಲು ಹಾಕಿತು. ಕಾರಣ ಇತ್ತು, ರೋಗ ಹರಡ್ತಿತ್ತು, ಒಪ್ಪಿದೆ. ಹಾಗಾದ್ರೆ "ನೀವು ಅಲ್ಲೇ ಇರಿ, ನಿಮ್ಮ ಊಟಕ್ಕೆ ನಾವು ಅಲ್ಲಿ ವ್ಯವಸ್ಥೆ ಮಾಡ್ತೀವಿ" ಅಂತ ಹೇಳೋಕೆ ಪುಣೆಯಲ್ಲಿ ಒಬ್ಬ ಗುಮಾಸ್ತನಾದ್ರೂ ಇದ್ದನಾ? ಆ ತಿಂಗಳು ನಮ್ಮ ಬೀದಿಯಲ್ಲಿ ಅನ್ನ ಹಂಚಿದ್ದು ಒಂದು ಗುರುದ್ವಾರದವರು ಮತ್ತು ಎದುರಿನ ಗಣೇಶ ಮಂಡಳಿಯ ಮರಾಠಿ ಹುಡುಗರು. ಅವರು ಯಾರೂ ಆಧಾರ್ ಕೇಳಲಿಲ್ಲ.

ಕೇರಳದವರನ್ನ ನೋಡಿ ಸ್ವಲ್ಪ ಕಲೀಬಾರದಾ? ಹೊರಗಿರೋ ಮಲಯಾಳಿಗಳಿಗೆ ಅಂತಾನೇ 1996ರಲ್ಲಿ ಇಲಾಖೆ ಮಾಡಿದ್ರು, ನೋರ್ಕಾ. ಅವರ ಪ್ರವಾಸಿ ಕಲ್ಯಾಣ ಮಂಡಳಿಯಲ್ಲಿ ದುಬೈನವರಷ್ಟೇ ಅಲ್ಲ, ಬೇರೆ ರಾಜ್ಯದಲ್ಲಿ ದುಡಿಯೋ ಮಲಯಾಳಿಯೂ ತಿಂಗಳಿಗಿಷ್ಟು ಕಟ್ಟಿ 60 ಆದ ಮೇಲೆ ಪಿಂಚಣಿ ತಗೋಬಹುದು. ತಮ್ಮಲ್ಲಿಗೆ ಬಂದ ಬಂಗಾಳಿ, ಒಡಿಯಾ ಕಾರ್ಮಿಕರಿಗೂ 2017ರಲ್ಲಿ ಆವಾಝ್ ಅಂತ ವಿಮೆ ಮಾಡಿದ್ರು. ಬಂದವರಿಗೂ ಒಂದು ಬಾಗಿಲು, ಹೋದವರಿಗೂ ಒಂದು ಬಾಗಿಲು. ನಮ್ಮಲ್ಲಿ ಬೆಂಗಳೂರಿನಲ್ಲಿ ಕಟ್ಟಡ ಕಟ್ಟೋ ಬಿಹಾರದವನನ್ನೂ "ನಿಮ್ಮೂರಲ್ಲಿ ಕೇಳಪ್ಪ" ಅಂತಾನೇ ಕಳಿಸೋದು. ಪುಣೆಯ ಕಿಟಕಿಯಲ್ಲಿ ನಮಗೆ ಸಿಕ್ಕ ಉತ್ತರಕ್ಕೂ ಅದಕ್ಕೂ ಭಾಷೆಯೊಂದೇ ವ್ಯತ್ಯಾಸ.

ಇದನ್ನೆಲ್ಲ ನಮ್ಮ ಬಳಗದಲ್ಲಿ ಹೇಳಿದ್ರೆ ಬರೋ ಮೊದಲ ಮಾತು, "ಬಿಟ್ಟಿ ಕೊಟ್ರೆ ಎರಡೂ ಕಡೆ ತಗೋತಾರೆ ಕಣ್ರೀ". ಹೇಗೆ ತಗೋತಾರೆ ಅಂತ ಹೇಳಿಕೊಡಿ, ನಾನೇ ಆಕೆಗೆ ಫಾರಂ ತುಂಬಿಕೊಡ್ತೀನಿ. ಆಧಾರ್ ಒಂದೇ, ಬೆರಳು ಅವೇ, ದುಡ್ಡು ಬೀಳೋ ಬ್ಯಾಂಕ್ ಖಾತೆ ಆಧಾರಿಗೆ ಜೋಡಿಸಿದ್ದೊಂದೇ. ಎರಡು ಕಡೆ ತಗೊಳ್ಳೋದನ್ನ ತಡೆಯೋಕೆ ಬೇಕಾದ ಯಂತ್ರ ಎಲ್ಲ ತಯಾರಿದೆ. ಅದೇ ಯಂತ್ರದಿಂದ ಒಂದು ಕಡೆಯಾದ್ರೂ ಸಿಗೋ ಹಾಗೆ ಮಾಡೋಕೆ ಮಾತ್ರ ಯಾರೂ ಕೈ ಹಾಕಿಲ್ಲ. ಕಲಬುರಗಿಯ ಅಕ್ಕಿ ಪುಣೆಯಲ್ಲಿ ಸಿಗೋದಾದ್ರೆ, ಕಲಬುರಗಿಯ ವಿಧವಾ ವೇತನ ಪುಣೆಯಲ್ಲಿ ಯಾಕೆ ಸಿಗಬಾರದು? ಅಕ್ಕಿಯನ್ನಾದ್ರೂ ಲಾರಿಯಲ್ಲಿ ತರಬೇಕು, ವೇತನ ತಂತಿಯ ಮೇಲೆ ಬರತ್ತೆ. ತಲಾಟಿಯ ಬದಲು ಇಲ್ಲಿಯ ತಲಾಠಿ ಒಂದು ಸಹಿ ಹಾಕಿದ್ರೆ ಸಾಕು, ಈ ಹೆಂಗಸು ಬದುಕಿದಾಳೆ, ಇಲ್ಲಿದಾಳೆ ಅಂತ.

ಎರಡನೇ ಮಾತು, "ಮಹಾರಾಷ್ಟ್ರದವರ ತೆರಿಗೆ, ಅವರ ಜನಕ್ಕೆ ಕೊಡ್ತಾರೆ, ತಪ್ಪೇನು?" ಹೊರಗಿನಿಂದ ನಿನ್ನೆ ಬಂದವರಿಗೆ ಇಂದೇ ಕೊಡಿ ಅಂತ ನಾನೂ ಕೇಳ್ತಿಲ್ಲ. ಮೂರು ವರ್ಷ ಅನ್ನಿ, ಐದು ವರ್ಷ ಅನ್ನಿ. ಹತ್ತು ವರ್ಷ ಬೆಂಕಿಪೆಟ್ಟಿಗೆಯಿಂದ ಹಿಡಿದು ಮೊಬೈಲ್ ರೀಚಾರ್ಜಿನ ತನಕ ಪ್ರತಿಯೊಂದಕ್ಕೂ ಇದೇ ರಾಜ್ಯದಲ್ಲಿ ತೆರಿಗೆ ಕಟ್ಟಿದವಳು, ಇದೇ ಊರಿನ ಗೋಡೆ ಎತ್ತಿದವಳು ಇಲ್ಲಿಯವಳಲ್ಲ ಅನ್ನೋದಾದ್ರೆ, ಐಟಿ ಕಂಪನಿಯ ಬಸ್ಸಿನಿಂದ ಇಳಿದ ಮೊದಲ ವರ್ಷವೇ ಫ್ಲ್ಯಾಟು ಕೊಂಡು "ಪುಣೇಕರ" ಆದ ನಾವು ಯಾವ ಲೆಕ್ಕದಲ್ಲಿ ಇಲ್ಲಿಯವರು?

ಪುಣೆಯನ್ನ ಬರೀ ಬೈಯೋಕೆ ನನಗೆ ಮನಸ್ಸಿಲ್ಲ, ಅನ್ನ ಕೊಟ್ಟ ಊರು. ಇದಕ್ಕೆ ದಾರಿಯನ್ನೂ ಇದೇ ಊರು ತೋರಿಸಿದೆ. 2025ರ ಡಿಸೆಂಬರಿನಲ್ಲಿ ತೀರಿಕೊಂಡ ಬಾಬಾ ಆಢಾವ್ ಅವರು 1955ರಲ್ಲಿ ಹಮಾಲ ಪಂಚಾಯತಿ ಕಟ್ಟಿದ್ರು. ಮಾರ್ಕೆಟ್ಟಿನಲ್ಲಿ ಮೂಟೆ ಹೊರೋರಿಗೆ ಮಾಲೀಕ ಯಾರು ಅಂತಾನೇ ಗೊತ್ತಿರಲಿಲ್ಲ, ಅಂಥವರಿಗೂ ಪ್ರಾವಿಡೆಂಟ್ ಫಂಡು ಸಿಗೋ ಹಾಗೆ 1969ರಲ್ಲಿ ಮಾಥಾಡಿ ಕಾಯ್ದೆ ಬಂತು. 1993ರಲ್ಲಿ ಚಿಂದಿ ಆಯೋ ಹೆಂಗಸರು ಸೇರಿ ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತಿ ಕಟ್ಟಿಕೊಂಡ್ರು. ಸಂಘಟನೆ ಕೊಟ್ಟ ಗುರುತಿನ ಚೀಟಿಯನ್ನ ಮಹಾನಗರಪಾಲಿಕೆ ಒಪ್ಪಿಕೊಂಡಿತು, ಮುಂದೆ ಆರೋಗ್ಯ ವಿಮೆಯ ಕಂತನ್ನೂ ಕಟ್ಟಿತು. ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಅವರ ಹತ್ತಿರವೂ ವಿಳಾಸದ ಕಾಗದ ಇರಲಿಲ್ಲ. ನೀನು ಎಲ್ಲಿಯವಳು ಅಂತ ಕೇಳೋ ಬದಲು ನೀನು ಇಲ್ಲಿ ಏನು ಕೆಲಸ ಮಾಡ್ತಿ ಅಂತ ಕೇಳಿದ್ರು. ಅಲ್ಲಿಗೆ ಅರ್ಧ ಗಂಟು ಬಿಚ್ಚಿತು. ಕಟ್ಟಡ ಕಾರ್ಮಿಕರ ಅಡ್ಡಾಗಳಲ್ಲೂ ಇದನ್ನೇ ಮಾಡಬಹುದು. ಗುತ್ತೇದಾರ ಸಹಿ ಹಾಕದಿದ್ರೆ ವಾರ್ಡ್ ಆಫೀಸಿನವರು ಬೆಳಿಗ್ಗೆ ಅಡ್ಡಾಕ್ಕೆ ಬಂದು ಹಾಜರಿ ತಗೊಳ್ಳಲಿ.

ಸರ್ಕಾರಗಳು ಮಾಡುವಾಗ ಮಾಡಲಿ. ನಮ್ಮ ಕನ್ನಡ ಸಂಘ, ಮಂಡಳ, ಬಳಗಗಳಿಗೆ ಸಭಾಗೃಹ ಇದೆ, ಕುರ್ಚಿ ಇದೆ, ರಿಟೈರ್ ಆದ ಬ್ಯಾಂಕ್ ಮ್ಯಾನೇಜರುಗಳು ಬೇಕಾದಷ್ಟಿದಾರೆ. ಭಾನುವಾರ ಬೆಳಿಗ್ಗೆ ಎರಡು ತಾಸು ಒಂದು ಟೇಬಲ್ ಹಾಕಿ ಕೂರೋಕೆ ಯಾವ ಅನುದಾನವೂ ಬೇಕಾಗಿಲ್ಲ. ಮರಾಠಿ ಫಾರಂ ಓದಿ ಕನ್ನಡದಲ್ಲಿ ಬಿಡಿಸಿ ಹೇಳೋರು ಇಬ್ಬರು, ಆನ್‌ಲೈನ್ ತುಂಬೋಕೆ ಒಬ್ಬ ಹುಡುಗ, ಒಂದು ಪ್ರಿಂಟರು. ಕಟ್ಟಡ ಮಂಡಳಿಯ ನೋಂದಣಿ, ಅದರ ವಾರ್ಷಿಕ ನವೀಕರಣ, ರೇಶನ್ ಅಂಗಡಿಯವನು ಕೊಡದಿದ್ರೆ ದೂರು, ಮಕ್ಕಳ ಶಾಲೆ ದಾಖಲಾತಿ, ಇಷ್ಟನ್ನೇ ಹಿಡಿದ್ರೂ ವರ್ಷಕ್ಕೆ ನೂರಾರು ಮನೆ. ಕಳೆದ ವರ್ಷ ಒಂದು ಸಭೆಯಲ್ಲಿ ಇದನ್ನ ಹೇಳಿದಾಗ ಒಬ್ಬ ಹಿರಿಯರು, "ಅವರೆಲ್ಲ ಇಲ್ಲಿ ಬಂದ್ರೆ ಹಾಲ್ ಗಲೀಜಾಗತ್ತೆ" ಅಂದ್ರು. ಹಾಲಿನ ಟೈಲ್ಸು ಹಾಕಿದವರು ಯಾರು ಅಂತ ಕೇಳಬೇಕು ಅನ್ನಿಸಿತು. ಕೇಳಿದೆ ಕೂಡ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದ್ರು, ಅದು ಮೈಸೂರು ಟೂರಿನ ವಿಷಯ.

ಹಾಲ್ ಸಿಗಲಿಲ್ಲ ಅಂತ ನಾವು ನಾಲ್ಕು ಜನ ಸದ್ಯಕ್ಕೆ ಅಡ್ಡಾದ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂರ್ತಿದೀವಿ, ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು. ಹತ್ತೊಂಬತ್ತು ಜನರ ಮಂಡಳಿ ನೋಂದಣಿ ಆಗಿದೆ, ಏಳು ಜನರದ್ದು ವಾಪಸ್ ಬಂದಿದೆ. ಶಹಾಪುರದ ಅವ್ವನ ಅರ್ಜಿ ಎರಡೂ ಕಡೆ ಬಿದ್ದಿದೆ, ಇಲ್ಲಿಯದಕ್ಕೆ ಮೇಲ್ಮನವಿ ಬರೆದಿದೀನಿ. ಮರಾಠಿ ಮೋಡಿಯಾಗಿ ಬರೆಯೋಕೆ ಬರೋರು, ಸರ್ಕಾರಿ ಮರಾಠಿ ಗೊತ್ತಿರೋರು ನಮ್ಮಲ್ಲಿ ಕಮ್ಮಿ ಇದಾರೆ. ನಿಮಗೆ ಬರೋದಾದ್ರೆ ಒಂದು ಭಾನುವಾರ ಬನ್ನಿ, ಚಹಾ ನನ್ನ ಲೆಕ್ಕ.